ಮೋಟರ್ ವೈಂಡಿಂಗ್ ಅಂಗಡಿಯಿಂದ ಶುರುವಾಗುವ ತಂತ್ರಜ್ಞಾನ

ಜಗಳೂರು ತಾಲ್ಲೂಕಿನ ನಮ್ಮ ಹೊಲದ ಕೊಳವೆಬಾವಿಗೆ ಮೊಬೈಲ್ ಸ್ಟಾರ್ಟರ್ ಕೂರಿಸಿ ಆರು ವರ್ಷವಾಯಿತು. ತ್ರೀಫೇಸ್ ಕರೆಂಟು ನಡುರಾತ್ರಿ ಎರಡಕ್ಕೆ ಬಂದರೂ ನಮ್ಮಣ್ಣ ಈಗ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಬೇಕಾಗಿಲ್ಲ. ಹಾಸಿಗೆಯಲ್ಲಿ ಎದ್ದು ಕುಳಿತು ಒಂದು ಕರೆ ಮಾಡಿದರೆ ಸಾಕು, ಪಂಪ್‌ಹೌಸಿನ ಪೆಟ್ಟಿಗೆಯೊಳಗಿರುವ ಸಿಮ್ ಆ ಕರೆಯನ್ನು ತೆಗೆದುಕೊಂಡು, ಮೂರು ಫೇಸುಗಳೂ ಸರಿಯಾಗಿವೆಯೇ ಎಂದು ನೋಡಿ ಮೋಟರನ್ನು ಚಾಲೂ ಮಾಡುತ್ತದೆ. ಬಾವಿಯಲ್ಲಿ ನೀರು ತೀರಿದರೆ ಮೋಟರ್ ಸುಟ್ಟುಹೋಗುವ ಮೊದಲೇ ನಿಲ್ಲಿಸುತ್ತದೆ. ಕತ್ತಲಲ್ಲಿ ಹಾವಿನ ಭಯ, ರಂಗಯ್ಯನದುರ್ಗದ ಕಾಡಿನಂಚಿನಲ್ಲಿರುವವರಿಗೆ ಕರಡಿಯ ಭಯ, ಇವನ್ನೆಲ್ಲ ಹತ್ತಾರು ವರ್ಷ ಉಂಡ ಒಂದು ತಲೆಮಾರಿನ ರೈತರಿಗೆ ಈ ಪುಟ್ಟ ಪೆಟ್ಟಿಗೆ ಕೊಟ್ಟಿರುವ ನೆಮ್ಮದಿಯನ್ನು ಊರು ಬಿಟ್ಟು ದೂರವಿರುವವರಿಗೆ ವಿವರಿಸಿ ಹೇಳುವುದು ಕಷ್ಟ.

ಕಳೆದ ಮೇ ತಿಂಗಳ ಸಿಡಿಲಿಗೆ ಆ ಪೆಟ್ಟಿಗೆ ಕೆಟ್ಟುಹೋಯಿತು. ತಯಾರಿಸಿದ ಕಂಪನಿ ಬೇರೆ ರಾಜ್ಯದ್ದು. ಫೋನ್ ಮಾಡಿದರೆ ವಾರಂಟಿ ಮುಗಿದಿದೆ, ಹೊಸದನ್ನೇ ಕೊಳ್ಳಿ ಎಂಬ ಉತ್ತರ ಬಂತು. ಅಣ್ಣ ಅದನ್ನು ಚೀಲಕ್ಕೆ ಹಾಕಿಕೊಂಡು ದಾವಣಗೆರೆಗೆ ಬಂದ. ನಾನು ಇಪ್ಪತ್ತು ವರ್ಷಗಳಿಂದ ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದೇನೆ. ಆದರೆ ಅವನು ಅದನ್ನು ನೇರವಾಗಿ ಒಯ್ದದ್ದು ತನಗೆ ಪರಿಚಯವಿದ್ದ ಮೋಟರ್ ವೈಂಡಿಂಗ್ ಅಂಗಡಿಗೆ. ನಾನೂ ಜೊತೆಗೆ ಹೋದೆ. ಐಟಿಐ ಓದಿದ ಇಪ್ಪತ್ತೈದರ ಆಸುಪಾಸಿನ ಹುಡುಗ ಬೋರ್ಡನ್ನು ಬಿಚ್ಚಿ, ಮೂಸಿ ನೋಡಿ, ಸುಟ್ಟಿದ್ದ ವೇರಿಸ್ಟರ್ (ಏಕಾಏಕಿ ಏರುವ ವೋಲ್ಟೇಜನ್ನು ತಡೆಯುವ ಭಾಗ) ಮತ್ತು ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ರಿಲೇಯನ್ನು ತೆಗೆದು ಬೇರೆಯದನ್ನು ಬೆಸುಗೆ ಹಾಕಿದ. ಮುಕ್ಕಾಲು ಗಂಟೆಯ ಕೆಲಸ, ಮುನ್ನೂರು ರೂಪಾಯಿ. ಹಾಕಿದ ವೇರಿಸ್ಟರ್ ಮೊದಲಿದ್ದದ್ದಕ್ಕಿಂತ ದೊಡ್ಡದಾಗಿತ್ತು. ಯಾಕೆಂದು ಕೇಳಿದಾಗ ಅವನು ಮೇಜಿನ ಕೆಳಗಿಂದ ಒಂದು ನೋಟ್‌ಬುಕ್ ತೆಗೆದು ತೋರಿಸಿದ. ಯಾವ ಊರಿನ ಬೋರ್ಡು, ಯಾವ ಕಂಪನಿಯದ್ದು, ಯಾವ ತಿಂಗಳು ಬಂತು, ಒಳಗೆ ಯಾವ ಭಾಗ ಸುಟ್ಟಿತ್ತು ಎಂಬುದನ್ನೆಲ್ಲ ಅದರಲ್ಲಿ ಸಾಲುಸಾಲಾಗಿ ಬರೆದಿಟ್ಟಿದ್ದ. ಮುಂಗಾರು ಪೂರ್ವದ ಸಿಡಿಲು ಹೆಚ್ಚಿರುವ ನಮ್ಮ ಬಯಲಿಗೆ, ಉದ್ದುದ್ದ ಎಳೆದ ಹಳೆಯ ಲೈನುಗಳ ಕೊನೆಯಲ್ಲಿರುವ ನಮ್ಮ ಪಂಪುಗಳಿಗೆ ಆ ಕಂಪನಿಯ ಸಣ್ಣ ಭಾಗ ತಡೆಯುವುದಿಲ್ಲ ಎಂದು ಅವನು ಆ ಪುಟಗಳಿಂದಲೇ ಕಂಡುಕೊಂಡಿದ್ದ.

ಅಂದಿನಿಂದ ನನ್ನ ಮನಸ್ಸು ಆ ನೋಟ್‌ಬುಕ್ಕನ್ನು ಬಿಟ್ಟಿಲ್ಲ. ಹಳ್ಳಿಗಳೇ ಹೆಚ್ಚಿರುವ ನಮ್ಮಂಥ ಸೀಮೆಯಲ್ಲಿ ತಂತ್ರಜ್ಞಾನವನ್ನು ನೆಚ್ಚಿದ ಆರ್ಥಿಕತೆಯನ್ನು ಕಟ್ಟುವುದು ಹೇಗೆ ಎಂಬ ಚರ್ಚೆ ದಾವಣಗೆರೆಯಲ್ಲಿ ಆಗಾಗ ನಡೆಯುತ್ತದೆ, ಮತ್ತು ಪ್ರತಿ ಸಲವೂ ಅದು ಯಾವುದಾದರೂ ದೊಡ್ಡ ಕಂಪನಿಯ ಶಾಖೆಯನ್ನು ಇಲ್ಲಿಗೆ ಕರೆತರುವುದು ಹೇಗೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕೆಟ್ಟ ಬೋರ್ಡನ್ನು ಸರಿಮಾಡುವವನು, ಅದು ಯಾಕೆ ಕೆಡುತ್ತದೆಂದು ಬರೆದಿಡುವವನು, ಆ ಬರಹವನ್ನು ನೋಡಿ ಕೆಡದಂಥ ಬೋರ್ಡನ್ನು ರೂಪಿಸುವವನು, ಅದನ್ನು ಇಲ್ಲೇ ತಯಾರಿಸಿ ಮಾರುವವನು, ಈ ನಾಲ್ವರೂ ಒಂದೇ ಊರಿನಲ್ಲಿದ್ದು ಪರಸ್ಪರ ಮಾತನಾಡುವಂತಾದರೆ ಅದೇ ಆ ಆರ್ಥಿಕತೆ ಎಂದು ನನಗೆ ಈಗ ಖಚಿತವಾಗಿ ಅನ್ನಿಸುತ್ತಿದೆ. ನಮ್ಮಲ್ಲಿ ಮೊದಲನೆಯವನಿದ್ದಾನೆ, ಪುಣ್ಯಕ್ಕೆ ಎರಡನೆಯವನೂ ಇದ್ದಾನೆ. ಮೂರನೆಯವನನ್ನು ನಾವೇ ಓದಿಸಿ ಭಾನುವಾರ ರಾತ್ರಿಯ ಬಸ್ಸಿಗೆ ಹತ್ತಿಸಿ ಬೆಂಗಳೂರಿಗೆ ಕಳಿಸುತ್ತಿದ್ದೇವೆ.

ಕಂಪನಿಗಳು ಬರುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆಯ ಕೇಂದ್ರವೊಂದು ದಾವಣಗೆರೆಗೆ ಬಂದಿದೆ, ಬೆಂಗಳೂರಿನಾಚೆಗೆ ಉದ್ಯಮ ಬೆಳೆಸಬೇಕೆಂದು ರಾಜ್ಯ ಸರ್ಕಾರ ತನ್ನ 2020-25ರ ಮಾಹಿತಿ ತಂತ್ರಜ್ಞಾನ ನೀತಿಯಲ್ಲಿ ರಿಯಾಯಿತಿಗಳನ್ನೂ ಕೊಟ್ಟಿತ್ತು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ನಮ್ಮೂರಿನ ಹೆಸರು ಬಂದಾಗ ನಾನೂ ಎಲ್ಲರಂತೆ ಹಿಗ್ಗಿದ್ದೆ. ರಸ್ತೆಗಳು ಸುಧಾರಿಸಿವೆ, ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಇಲ್ಲಿ ನಿಲ್ಲುತ್ತದೆ. ಆದರೆ ಹೊರಗಿನ ಕಂಪನಿ ಇಲ್ಲಿಗೆ ತರುವುದು ಸಾಮಾನ್ಯವಾಗಿ ತನ್ನ ಕೆಲಸದ ಒಂದು ತುಣುಕನ್ನು ಮಾತ್ರ, ಅದರಲ್ಲೂ ಯಾವಾಗ ಬೇಕಾದರೂ ಬೇರೆಡೆಗೆ ಸಾಗಿಸಬಹುದಾದ ತುಣುಕನ್ನು. ಹೊರಗಿನ ಕಂಪನಿಗಳ ಕಚೇರಿ ಕೆಲಸವನ್ನು ಹಳ್ಳಿಯಲ್ಲಿ ಮಾಡಿಕೊಡುತ್ತಿದ್ದ ಗ್ರಾಮೀಣ ಬಿಪಿಒಗಳ ಕಾಲದಲ್ಲಿ ಇದನ್ನು ನೋಡಿದ್ದೇವೆ: ಅರ್ಜಿ ನಮೂನೆಗಳನ್ನು ಟೈಪು ಮಾಡುವ ಕೆಲಸ ಬಂತು, ಆ ಕೆಲಸವನ್ನು ಸಾಫ್ಟ್‌ವೇರೇ ಮಾಡಲು ಕಲಿತ ದಿನ ಹೊರಟುಹೋಯಿತು. ಇದಕ್ಕೆ ಪ್ರತಿಯಾಗಿ, ತಮಿಳುನಾಡಿನ ತೆಂಕಾಶಿಯ ಬಳಿಯ ಹಳ್ಳಿಯೊಂದರಲ್ಲಿ ಝೋಹೋ ಕಂಪನಿ 2011ರಲ್ಲಿ ಬೆರಳೆಣಿಕೆಯ ಜನರೊಂದಿಗೆ ತೆರೆದ ಕಚೇರಿಯಲ್ಲಿ ಝೋಹೋ ಡೆಸ್ಕ್ ಎಂಬ ಗ್ರಾಹಕ ಸೇವೆಯ ತಂತ್ರಾಂಶ, ಒಂದು ಇಡೀ ಉತ್ಪನ್ನವೇ, ರೂಪುಗೊಂಡಿತು. ಅಲ್ಲಿಗೆ ಹೋದದ್ದು ತುಣುಕಲ್ಲ, ಆರಂಭದಿಂದ ಕೊನೆಯವರೆಗಿನ ಕೆಲಸ. ಆ ವ್ಯತ್ಯಾಸವನ್ನು ನಮ್ಮ ಜಿಲ್ಲೆಯವರು ಬೇರೆ ಯಾರಿಗಿಂತಲೂ ಚೆನ್ನಾಗಿ ಅರಿಯಬಲ್ಲರು, ಯಾಕೆಂದರೆ ಅದನ್ನು ನಾವು ಒಂದು ಸಲ ನಮ್ಮ ಕಣ್ಣೆದುರೇ ಕಂಡಿದ್ದೇವೆ.

ನಮ್ಮ ತಂದೆ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಗಿರಣಿಯ ಕೂಗು ಕೇಳಿಯೇ ಊರಿನ ಅರ್ಧ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು; ಕಮ್ಯುನಿಸ್ಟ್ ಕಾರ್ಮಿಕ ನಾಯಕ ಪಂಪಾಪತಿಯವರನ್ನು ಈ ಊರು ಮೂರು ಸಲ ವಿಧಾನಸಭೆಗೆ ಕಳಿಸಿತ್ತೆಂದರೆ ಗಿರಣಿಯ ಬದುಕು ಇಲ್ಲಿ ಎಷ್ಟು ದೊಡ್ಡದಾಗಿತ್ತೆಂದು ಊಹಿಸಬಹುದು. ನಾನು ಹೈಸ್ಕೂಲಿನಲ್ಲಿದ್ದಾಗ ತಂದೆಯ ಗಿರಣಿ ಬಾಗಿಲು ಹಾಕಿತು. ಇಪ್ಪತ್ತೆರಡು ವರ್ಷ ಒಂದೇ ಯಂತ್ರದ ಮುಂದೆ ನಿಂತು ಕಡಿದುಹೋದ ನೂಲಿನ ಎಳೆ ಕೂಡಿಸಿದ್ದ ಅವರಿಗೆ ಆ ಯಂತ್ರವಿಲ್ಲದೆ ಮಾಡಬಹುದಾದ ಕೆಲಸವೊಂದೂ ಕೈಯಲ್ಲಿರಲಿಲ್ಲ. ಕೈ ಅಷ್ಟು ಚುರುಕಾಗಿದ್ದರೂ ಆ ಚುರುಕು ಇನ್ನೆಲ್ಲಿಯೂ ಚಲಾವಣೆಯಾಗದ ನಾಣ್ಯವಾಗಿತ್ತು. ಅವರು ಜಗಳೂರಿನ ಒಣ ಜಮೀನಿಗೆ ಮರಳಿದರು. ಗಿರಣಿಯ ಜಾಗ ನಿವೇಶನವಾಯಿತು.

ಇಲ್ಲಿಂದ ಹದಿನಾಲ್ಕೇ ಕಿಲೋಮೀಟರ್ ಆಚೆ, ತುಂಗಭದ್ರೆಯ ದಂಡೆಯ ಹರಿಹರದಲ್ಲಿ ನಡೆದದ್ದು ಬೇರೆ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು; ಲೇತ್ ತಯಾರಿಸುವ ಆ ಕಾರ್ಖಾನೆಯ ಸುತ್ತ ಬೆಳೆದ ವಸತಿಗೆ ಯಂತ್ರಾಪುರ ಎಂದೇ ಹೆಸರಾಯಿತು. ಅದೂ ಮುಚ್ಚಿ ಎರಡು ದಶಕಗಳಿಗೂ ಮೇಲಾಯಿತು, ಅಲ್ಲಿನ ಕುಟುಂಬಗಳೂ ನಮ್ಮಷ್ಟೇ ಕಷ್ಟಪಟ್ಟವು, ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಅಲೆದವು. ಆದರೂ ಹರಿಹರದಲ್ಲಿ ಇಂದು ಯಾವುದೇ ಓಣಿಯ ವರ್ಕ್‌ಶಾಪಿಗೆ ಹೋಗಿ ಟ್ರ್ಯಾಕ್ಟರಿನ ಒಂದು ಶಾಫ್ಟನ್ನೋ ಅಡಿಕೆ ಸುಲಿಯುವ ಯಂತ್ರದ ಒಂದು ಗಿಯರನ್ನೋ ಕೊಟ್ಟು ಇಂಥದ್ದೇ ಬೇಕೆಂದರೆ, ನಕ್ಷೆಯಿಲ್ಲದೆಯೇ ಅಳತೆ ತೆಗೆದು ಮಾಡಿಕೊಡುವ ಕೈಗಳಿವೆ. ಅವರಲ್ಲಿ ಹಲವರು ಆ ಕಾರ್ಖಾನೆಯಲ್ಲಿ ಕಲಿತವರು, ಇಲ್ಲವೇ ಅಲ್ಲಿ ಕಲಿತವರಿಂದ ಕಲಿತವರು. ಲೇತ್ ಎಂಬುದು ಬೇರೆ ಯಂತ್ರಗಳನ್ನು ಮಾಡುವ ಯಂತ್ರ; ಅದನ್ನು ಕಟ್ಟಲು ಕಲಿತವನು ಕಾರ್ಖಾನೆ ಮುಚ್ಚಿದ ಮೇಲೂ ತನ್ನ ವಿದ್ಯೆಯನ್ನು ಮನೆಗೆ ಹೊತ್ತುಕೊಂಡು ಹೋದ. ಒಂದೇ ಜಿಲ್ಲೆಯ ಎರಡು ಊರುಗಳು, ಮುಚ್ಚಿಹೋದ ಎರಡು ಬಗೆಯ ಉದ್ಯಮಗಳು. ಒಂದು ಬಿಟ್ಟುಹೋದದ್ದು ಬಯಲು, ಇನ್ನೊಂದು ಬಿಟ್ಟುಹೋದದ್ದು ಕೈಕಸುಬು. ನಮ್ಮ ಜಿಲ್ಲೆಗೆ ಹೊಸದಾಗಿ ಯಾವ ಉದ್ಯಮ ಬರುತ್ತದೆ ಎಂದಾಗಲೂ, ಇದು ಮುಚ್ಚಿದರೆ ಇಲ್ಲಿ ಏನು ಉಳಿಯುತ್ತದೆ ಎಂದೇ ನಾನು ಮೊದಲು ಕೇಳುತ್ತೇನೆ.

ಚಳ್ಳಕೆರೆಯ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಆ ತಾಲ್ಲೂಕನ್ನು ಎಣ್ಣೆ ಗಿರಣಿಗಳ ಊರೆಂದೂ ಕಂಬಳಿಯ ಊರೆಂದೂ ನಮ್ಮ ಕಡೆಯವರು ಬಲ್ಲರು. ಇನ್ನುಳಿದ ದೇಶಕ್ಕೆ ಅದೀಗ ವಿಜ್ಞಾನ ನಗರಿ. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ದೊರೆತಿದೆ. ಪಕ್ಕದಲ್ಲಿ ನಾಲ್ಕು ಸಾವಿರ ಎಕರೆಗೂ ಮೀರಿದ ಜಾಗದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದ್ದು, ಅದು 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೂ ಇಸ್ರೋಗೂ ಅಲ್ಲೇ ನೆಲ ಸಿಕ್ಕಿದೆ. 2023ರ ಏಪ್ರಿಲ್ 2ರ ಮುಂಜಾನೆ ಚಿನೂಕ್ ಹೆಲಿಕಾಪ್ಟರೊಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಾಗ, ಅದು ತಾನೇ ದಾರಿ ಹುಡುಕಿಕೊಂಡು ಅಲ್ಲಿನ ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಮತ್ತೆರಡು ಸಲ ಇಳಿಯಿತು. ಆ ಚಿತ್ರಗಳನ್ನು ತರಗತಿಯಲ್ಲಿ ತೋರಿಸಿದಾಗ ಚಳ್ಳಕೆರೆ, ಮೊಳಕಾಲ್ಮೂರಿನಿಂದ ಬಂದ ಮಕ್ಕಳ ಕಣ್ಣು ಅರಳಿದ್ದನ್ನು ನಾನು ಕಂಡಿದ್ದೇನೆ, ಆ ಹೆಮ್ಮೆ ನನ್ನದೂ ಹೌದು.

ಆದರೆ ಆ ನೆಲ ಬರಿದಾಗಿ ಬಿದ್ದಿದ್ದ ನೆಲವಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ದನಗಳ ಮೇವಿಗಾಗಿ ಕಾಯ್ದಿರಿಸಿದ್ದ ಕಾವಲುಗಳು ಅವು. ವರವು ಕಾವಲು, ಉಳ್ಳಾರ್ತಿ ಕಾವಲುಗಳಲ್ಲಿ ಸುತ್ತಲಿನ ಹಳ್ಳಿಗಳ ಕುರಿ, ದನ ತಲೆತಲಾಂತರದಿಂದ ಮೇಯುತ್ತಿದ್ದವು. ಆ ಕುರಿಯ ಉಣ್ಣೆಯಿಂದಲೇ ಕಂಬಳಿ ನೇಯುತ್ತಿದ್ದರು. ಗೋಡೆ ಎದ್ದಾಗ ಜನ ಪ್ರತಿಭಟಿಸಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ಮೌನ. 2019ರ ಸೆಪ್ಟೆಂಬರ್‌ನಲ್ಲಿ ರುಸ್ತುಂ-2 ಎಂಬ ಮಾನವರಹಿತ ವಿಮಾನ ಪರೀಕ್ಷೆಯ ವೇಳೆ ಜೋಡಿಚಿಕ್ಕೇನಹಳ್ಳಿಯ ಜಮೀನಿಗೆ ಬಿದ್ದಾಗ ಸುತ್ತಲಿನ ಹಳ್ಳಿಗಳ ಜನ ಓಡಿಬಂದು ಅದರ ಸುತ್ತ ನೆರೆದರು. ದಿನವೂ ತಲೆಯ ಮೇಲೆ ಹಾರುತ್ತಿದ್ದ ಯಂತ್ರವನ್ನು ಹತ್ತಿರದಿಂದ ನೋಡಲು ಅವರಿಗೆ ದೊರೆತ ಅವಕಾಶ ಅದು ಬಿದ್ದ ದಿನವೇ ಆಗಿತ್ತು.

ವಿಜ್ಞಾನ ಸಂಸ್ಥೆಯವರು ಕುದಾಪುರದ ಆವರಣದಲ್ಲಿ ನಡೆಸುತ್ತಿರುವ ಪ್ರತಿಭಾ ಅಭಿವೃದ್ಧಿ ಕೇಂದ್ರವನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. ಸರ್ಕಾರಿ ಶಾಲೆಯ ವಿಜ್ಞಾನ, ಗಣಿತ ಶಿಕ್ಷಕರು ತಂಡತಂಡವಾಗಿ ಅಲ್ಲಿಗೆ ಹೋಗಿ, ತಾವು ಪುಸ್ತಕದಲ್ಲಿ ಮಾತ್ರ ಓದಿದ್ದ ಪ್ರಯೋಗಗಳನ್ನು ಕೈಯಾರೆ ಮಾಡಿ ಬರುತ್ತಾರೆ. ಹಾಗೆ ಹೋಗಿಬಂದ ನನ್ನ ಪರಿಚಯದ ಶಿಕ್ಷಕಿಯೊಬ್ಬರ ಶಾಲೆಯಲ್ಲಿ ಮಕ್ಕಳು ಈಗ ನೀರಿನ ಲವಣಾಂಶವನ್ನು ತಾವೇ ಅಳೆಯುತ್ತಾರೆ. ಫ್ಲೋರೈಡ್ ನೀರು ಕುಡಿದು ಬೆಳೆದ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಗೋಡೆಗೆ ಒಂದು ಬಾಗಿಲಿಟ್ಟರೆ ಏನಾಗಬಹುದೆಂಬುದಕ್ಕೆ ನನಗೆ ಅದೇ ಸಾಕ್ಷಿ. ಅದೇ ಬಾಗಿಲಿನಿಂದ ಐಟಿಐ ಹುಡುಗರೂ ಒಳಹೋಗುವಂತಾಗಬೇಕು. ವಿಮಾನ ಪರೀಕ್ಷಾ ವಲಯವೊಂದಕ್ಕೆ ವಿಜ್ಞಾನಿಗಳಲ್ಲದೆ ಹವಾ ನಿಯಂತ್ರಣ, ಜನರೇಟರ್, ಕೇಬಲ್, ಅಳತೆಯ ಉಪಕರಣ, ಲೋಹದ ಸಣ್ಣಪುಟ್ಟ ಭಾಗಗಳು ಎಲ್ಲವೂ ಬೇಕು. ರಹಸ್ಯವಲ್ಲದ ಕೆಲಸಗಳ ಪಟ್ಟಿಯೊಂದನ್ನು ಮಾಡಿ ಚಳ್ಳಕೆರೆ, ಚಿತ್ರದುರ್ಗ, ಹರಿಹರದ ವರ್ಕ್‌ಶಾಪುಗಳಿಗೆ ಎರಡು ವರ್ಷ ಮೊದಲೇ ಕೊಟ್ಟು, ಬೇಕಾದ ನಿಖರತೆ ಇಷ್ಟು ಎಂದು ಹೇಳಿ, ಅದನ್ನು ಮುಟ್ಟಲು ಕಲಿಸಿಕೊಟ್ಟರೆ, ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕದಲ್ಲಿ ಯೋಚಿಸುವ ನೂರು ಕೈಗಳು ಹತ್ತು ವರ್ಷದಲ್ಲಿ ಈ ಸೀಮೆಯಲ್ಲಿ ತಯಾರಾಗುತ್ತವೆ. ಮೇವಿನ ನೆಲ ಕಳೆದುಕೊಂಡವರ ಮಕ್ಕಳಿಗೆ ಆ ಕಲಿಕೆಯಲ್ಲಿ ಮೊದಲ ಸಾಲಿನ ಜಾಗ ಸಿಗಬೇಕೆಂಬುದು ನನ್ನ ದೃಷ್ಟಿಯಲ್ಲಿ ದಾನವಲ್ಲ, ಋಣ.

ಚಿತ್ರದುರ್ಗದ ಜೋಗಿಮಟ್ಟಿಯ ಸುತ್ತ ಗುಡ್ಡಗಳ ನೆತ್ತಿಯ ಮೇಲೆ ತಿರುಗುತ್ತಿರುವ ಗಾಳಿಯಂತ್ರಗಳ ಬಗ್ಗೆಯೂ ಇದೇ ಮಾತನ್ನು ಹೇಳಬಹುದು. ಕಾವಲುಗಾರನ ಕೆಲಸ ಊರಿನವನಿಗೆ, ಗಿಯರ್‌ಬಾಕ್ಸ್ ಬಿಚ್ಚುವ ಕೆಲಸ ಹೊರಗಿನವನಿಗೆ ಎಂಬ ಹಂಚಿಕೆ ಬದಲಾಗುವವರೆಗೆ ಆ ಗಾಳಿ ನಮ್ಮದಾದರೂ ಯಂತ್ರ ನಮ್ಮದಲ್ಲ.

ಈಗ ಮೆಕ್ಕೆಜೋಳಕ್ಕೆ ಬರುತ್ತೇನೆ, ಯಾಕೆಂದರೆ ಕಳೆದ ಮೂರು ವರ್ಷಗಳಿಂದ ನನ್ನ ಸಮಯವೆಲ್ಲ ಹೋಗುತ್ತಿರುವುದು ಅದಕ್ಕೇ. ಭದ್ರಾ ನಾಲೆಯ ನೀರು ಕಾಣದ ದಾವಣಗೆರೆ, ಜಗಳೂರಿನ ಕೆಂಪು, ಕಪ್ಪು ಹೊಲಗಳಲ್ಲಿ ಮುಂಗಾರಿಗೆ ಬಿತ್ತುವ ಮುಖ್ಯ ಬೆಳೆ ಅದು. 2018ರಲ್ಲಿ ಸೈನಿಕ ಹುಳು ಬಂದು ಸುಳಿ ತಿಂದಾಗ ಎಲ್ಲರೂ ಬೆಚ್ಚಿಬಿದ್ದರು, ಅದರ ಬಗ್ಗೆ ಕೃಷಿ ವಿಜ್ಞಾನ ಕೇಂದ್ರದವರು ಹಳ್ಳಿಹಳ್ಳಿ ತಿರುಗಿ ತಿಳಿಸಿ ಹೇಳಿದರು. ಆದರೆ ಹುಳುವಿನಷ್ಟೇ ರೈತನ ಆದಾಯವನ್ನು ಸದ್ದಿಲ್ಲದೆ ತಿನ್ನುವ ಇನ್ನೊಂದು ಸಂಗತಿ ಇದೆ, ಅದು ತೇವಾಂಶ. ವ್ಯಾಪಾರದ ರೂಢಿಯಲ್ಲಿ ಒಪ್ಪಿತವಾದ ಮಿತಿ ಶೇ. 14. ಕಾಳಿನಲ್ಲಿ ಅದಕ್ಕಿಂತ ಹೆಚ್ಚು ನೀರಿದ್ದರೆ ಬೂಸರು ಹಿಡಿಯುತ್ತದೆ, ಆದ್ದರಿಂದ ಖರೀದಿದಾರ ಬೆಲೆ ಇಳಿಸುವುದು ನ್ಯಾಯವೇ. ಲೆಕ್ಕ ಹೀಗೆ: ಶೇ. 18 ತೇವಾಂಶದ ಒಂದು ಕ್ವಿಂಟಲ್ ಜೋಳದಲ್ಲಿ 82 ಕೆ.ಜಿ. ಒಣ ಪದಾರ್ಥವಿರುತ್ತದೆ, ಅದು ಒಣಗಿ ಶೇ. 14ಕ್ಕೆ ಇಳಿದಾಗ ತೂಕ 95 ಕೆ.ಜಿ. ಚಿಲ್ಲರೆ ಆಗುತ್ತದೆ. ನಿಜವಾಗಿ 16 ಇರುವುದನ್ನು ಮೀಟರ್ 18 ಎಂದು ತೋರಿಸಿದರೆ, ರೈತನ ಲೆಕ್ಕದಿಂದ ಕ್ವಿಂಟಲಿಗೆ ಎರಡು ಕೆ.ಜಿ.ಗೂ ಮಿಕ್ಕಿದ ಜೋಳ ಯಾರ ಗಮನಕ್ಕೂ ಬಾರದೆ ಹೋಗಿಬಿಡುತ್ತದೆ. ಐವತ್ತು ಕ್ವಿಂಟಲ್ ತಂದವನಿಗೆ ಇದು ಒಂದು ಕ್ವಿಂಟಲಿಗೂ ಮೇಲಿನ ನಷ್ಟ.

ಮೂರು ವರ್ಷದ ಹಿಂದೆ ಅಣ್ಣನ ಜೊತೆ ಜೋಳ ಮಾರಲು ಹೋದ ದಿನ ಒಂದೇ ಚೀಲದ ಕಾಳನ್ನು ಎರಡು ಅಂಗಡಿಗಳ ಮೀಟರುಗಳು ಬೇರೆ ಬೇರೆಯಾಗಿ ಅಳೆದದ್ದನ್ನು ನಾನು ನೋಡಿದೆ. ಯಾರೋ ಬೇಕೆಂದೇ ಮೋಸ ಮಾಡುತ್ತಿದ್ದಾರೆ ಎಂದು ಅಣ್ಣ ನಂಬಿದ್ದ. ಕಾಲೇಜಿಗೆ ಬಂದು ಅಂತಿಮ ವರ್ಷದ ಮಕ್ಕಳ ಜೊತೆ ಕೂತು ಪರೀಕ್ಷಿಸಿದಾಗ ಕಂಡ ಸತ್ಯ ಅದಕ್ಕಿಂತ ಜಟಿಲವಾಗಿತ್ತು. ಈ ಮೀಟರುಗಳು ನೀರನ್ನು ನೇರವಾಗಿ ಅಳೆಯುವುದಿಲ್ಲ. ಎರಡು ಲೋಹದ ಫಲಕಗಳ ನಡುವೆ ಕಾಳನ್ನು ತುಂಬಿ, ಅದು ವಿದ್ಯುತ್ ಶೇಖರಣೆಯನ್ನು ಎಷ್ಟು ಹೆಚ್ಚಿಸುತ್ತದೆ ಎಂದು ನೋಡುತ್ತವೆ; ಆ ಹೆಚ್ಚಳದ ಅಳತೆಯಾದ ಪರಾವೈದ್ಯುತಾಂಕ ನೀರಿಗೆ 80ರ ಆಸುಪಾಸು, ಒಣ ಕಾಳಿನದು ಅದರ ಒಂದು ಸಣ್ಣ ಪಾಲು, ಆದ್ದರಿಂದ ಕಾಳಿನೊಳಗೆ ಸ್ವಲ್ಪ ನೀರಿದ್ದರೂ ಗೊತ್ತಾಗುತ್ತದೆ. ಆದರೆ ತಳಿ ಬದಲಾದರೆ, ಕಾಳಿನ ಗಾತ್ರ ಬದಲಾದರೆ, ಕಾಳು ಬಿಸಿಯಿದ್ದರೆ ಈ ಅಂಕಿಯೂ ಬದಲಾಗುತ್ತದೆ. ಹೆದ್ದಾರಿಯ ಪಕ್ಕದ ಡಾಂಬರಿನ ಮೇಲೆ ಮಧ್ಯಾಹ್ನದವರೆಗೆ ಒಣಗಿಸಿ, ಬಿಸಿ ಆರುವ ಮೊದಲೇ ಚೀಲಕ್ಕೆ ತುಂಬಿ ತಂದ ನಮ್ಮ ಜೋಳಕ್ಕೂ, ಬೇರೆಲ್ಲೋ ಬೆಳೆದ ತಳಿಯನ್ನು ತಂಪಾದ ಪ್ರಯೋಗಾಲಯದಲ್ಲಿಟ್ಟು ಹೊಂದಿಸಿದ ಮೀಟರಿಗೂ ತಾಳೆಯಾಗುವುದು ಹೇಗೆ? ಅಲ್ಲಿ ಕಳ್ಳನಿರಲಿಲ್ಲ. ನಮ್ಮ ಕಾಳನ್ನು ಅರಿಯದ ಉಪಕರಣವಿತ್ತು, ಅದನ್ನು ನಮ್ಮ ಕಾಳಿಗೆ ಹೊಂದಿಸಿಕೊಡುವವರು ಜಿಲ್ಲೆಯಲ್ಲಿ ಯಾರೂ ಇರಲಿಲ್ಲ.

ಹೊಂದಿಸುವ ವಿಧಾನವೇನೂ ಗುಟ್ಟಿನದಲ್ಲ. ಇಡಿ ಕಾಳನ್ನು ತೂಗಿ, 103 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿ 72 ಗಂಟೆ ಇಟ್ಟು, ಮತ್ತೆ ತೂಗಿದರೆ ಹೋದ ನೀರಿನ ಲೆಕ್ಕ ಸಿಗುತ್ತದೆ. ಆ ಅಂಕಿಯನ್ನು ಮೀಟರಿನ ಅಂಕಿಯ ಪಕ್ಕದಲ್ಲಿಟ್ಟು ತಿದ್ದುಪಡಿಯ ಕೋಷ್ಟಕ ತಯಾರಿಸಬೇಕು. ನಮ್ಮ ಮಕ್ಕಳು ಮೊದಲ ವರ್ಷ ಮಾಡಿದ ಮೀಟರ್ ಸರಿಯಾಗಿ ಅಳೆಯಿತು, ಆದರೆ ರೈತರು ಅದನ್ನು ಮುಟ್ಟಲಿಲ್ಲ. ಪರದೆಯ ಮೇಲಿನ ಮಾತೆಲ್ಲ ಇಂಗ್ಲಿಷಿನಲ್ಲಿತ್ತು, ಜೊತೆಗೊಂದು ಮೊಬೈಲ್ ಆ್ಯಪ್ ಬೇರೆ ಬೇಕಿತ್ತು. ಎರಡನೆಯ ವರ್ಷ ಆ್ಯಪ್ ಕಿತ್ತುಹಾಕಿ, ಕನ್ನಡದಲ್ಲಿ ಮೂರೇ ಪದ ಉಳಿಸಿಕೊಂಡೆವು: ಹಸಿ, ಆರಲಿ, ತೂಗಬಹುದು. ಕೆಳಗೆ ಅಂಕಿ. ಆ ಮೂರು ಪದಗಳನ್ನು ಹೇಳಿಕೊಟ್ಟವರು ಹಳ್ಳಿಯ ಹಮಾಲರು. ನಮಗೆ ಹೊಳೆದಿದ್ದ ಪದ ‘ಆರ್ದ್ರತೆ’ ಎಂದಾಗಿತ್ತು.

ನಮ್ಮ ಭಾಷೆಗಳಲ್ಲಿ ತಂತ್ರಜ್ಞಾನ ಮಾಡುವುದು ಹಳ್ಳಿಯಲ್ಲಿ ಕೂತು ಆಗದ ಕೆಲಸ ಎಂದು ಯಾರಾದರೂ ಹೇಳಿದಾಗ ನನಗೆ ಸಿರಿಗೆರೆ ನೆನಪಾಗುತ್ತದೆ. ಚಿತ್ರದುರ್ಗ ತಾಲ್ಲೂಕಿನ ಆ ಹಳ್ಳಿಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರು ಪಾಣಿನಿಯ ಸಂಸ್ಕೃತ ವ್ಯಾಕರಣದ ಸೂತ್ರಗಳನ್ನು ಕಂಪ್ಯೂಟರಿಗೆ ಅಳವಡಿಸಿ ಗಣಕಾಷ್ಟಾಧ್ಯಾಯಿ ಎಂಬ ತಂತ್ರಾಂಶವನ್ನು ರೂಪಿಸಿದರು. ಹಾಗೆಯೇ, ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಕೋಟಿಗಟ್ಟಲೆ ಪಹಣಿಗಳು ಗಣಕಕ್ಕೆ ಏರಿ, ಕೈಬರಹದ ಪಹಣಿಯ ಕಾಲ ಮುಗಿದಾಗ ನಮ್ಮ ಹಳ್ಳಿಗರು ಕನ್ನಡದಲ್ಲಿ ಮುದ್ರಿತವಾದ ಆ ಹಾಳೆಯನ್ನು ಒಂದೇ ವರ್ಷದಲ್ಲಿ ತಮ್ಮದಾಗಿಸಿಕೊಂಡರು. ಹಳ್ಳಿಯವರಿಗೆ ತಂತ್ರಜ್ಞಾನ ಹೊಸದೆಂಬ ಮಾತನ್ನು ನಾನು ನಂಬುವುದಿಲ್ಲ. ಅವರ ಕೆಲಸಕ್ಕೆ ಒದಗುವ, ಅವರ ಮಾತಿನಲ್ಲಿರುವ ಉಪಕರಣ ಅವರಿಗೆ ಅಪರೂಪ, ಅಷ್ಟೇ.

ಇಂಥ ಕೆಲಸಗಳು ನಮ್ಮ ಸುತ್ತ ಇನ್ನೂ ಬೇಕಾದಷ್ಟಿವೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಇಂದಿಗೂ ಜನ ಬೆಂಕಿಯ ಮುಂದೆ ನಿಂತು, ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಾರೆ. ಹಳೆಯ ಟೈರುಗಳನ್ನು ಸುಟ್ಟಾಗ ಏಳುತ್ತಿದ್ದ ಕರಿ ಹೊಗೆಯನ್ನು ಆ ಬಡಾವಣೆಯ ಮಕ್ಕಳು ಕುಡಿದು ಬೆಳೆದಿದ್ದಾರೆ. ಭತ್ತದ ಹೊಟ್ಟಿನಲ್ಲೇ ಹೊಗೆಯಿಲ್ಲದೆ ಉರಿಯುವ, ಮರಳಿನ ಶಾಖವನ್ನು ಒಂದೇ ಮಟ್ಟದಲ್ಲಿಡುವ ಒಲೆಯನ್ನು ಕಟ್ಟಿಕೊಡುವುದು ನಮ್ಮ ಮೆಕ್ಯಾನಿಕಲ್ ವಿಭಾಗಗಳಿಗೆ ಅಸಾಧ್ಯವೇನಲ್ಲ, 1951ರಲ್ಲಿ ಬಿ.ಡಿ.ಟಿ. ಕಾಲೇಜು ಶುರುವಾದಂದಿನಿಂದ ಈ ಊರಿನಲ್ಲಿ ಎಂಜಿನಿಯರಿಂಗ್ ಕಲಿಸುತ್ತಿದ್ದೇವೆ. ಚನ್ನಗಿರಿಯ ಅಡಿಕೆ ಬೇಯಿಸುವ ಹಂಡೆಗೂ, ಮೊಳಕಾಲ್ಮೂರಿನ ರೇಷ್ಮೆ ಮಗ್ಗದಲ್ಲಿ ವಿನ್ಯಾಸ ಮೂಡಿಸುವ ಜಕಾರ್ಡಿಗೂ ಇದೇ ಬಗೆಯ ಕೆಲಸ ಕಾದಿದೆ. ಮಕ್ಕಳ ಅಂತಿಮ ವರ್ಷದ ಪ್ರಾಜೆಕ್ಟುಗಳನ್ನು ಬೆಂಗಳೂರಿನ ಅಂಗಡಿಯಿಂದ ಕೊಂಡು ತರುವ ಪದ್ಧತಿ ಎಷ್ಟೋ ಕಾಲೇಜುಗಳಲ್ಲಿ ಬೆಳೆದಿದೆ. ಇದು ನನಗೆ ಬಹಳ ನೋವಿನ ವಿಷಯ. ಮಂಡಕ್ಕಿ ಭಟ್ಟಿ ಕಾಲೇಜಿನಿಂದ ಆಟೋ ದೂರದಲ್ಲಿದೆ.

ಉಳಿಯುವವರಿಗೆ ಸಂಬಳ ಎಲ್ಲಿಂದ ಎಂಬ ಪ್ರಶ್ನೆಯನ್ನು ಪೋಷಕರು ಕೇಳುತ್ತಾರೆ, ಕೇಳಬೇಕಾದದ್ದೇ. ಜಮೀನು ಒತ್ತೆಯಿಟ್ಟು ಓದಿಸಿದ ಮಗಳನ್ನು ಹಳ್ಳಿಯ ಸೇವೆಗೆಂದು ಅರ್ಧ ಸಂಬಳಕ್ಕೆ ಉಳಿಸಿಕೊಳ್ಳಿ ಎಂದು ಹೇಳುವ ಹಕ್ಕು ನನಗಿಲ್ಲ. ಅದಕ್ಕೇ ನಾನು ಸರ್ಕಾರದ ಖರೀದಿಯ ಬಗ್ಗೆ ಮಾತನಾಡುತ್ತೇನೆ. ಶುದ್ಧ ಕುಡಿಯುವ ನೀರಿನ ಘಟಕಗಳ ನಿಯಂತ್ರಕ ಬೋರ್ಡು, ಬೀದಿದೀಪದ ಟೈಮರು, ಮಾರುಕಟ್ಟೆಯ ತೂಕ ಮತ್ತು ತೇವಾಂಶದ ಯಂತ್ರ, ಶಾಲೆಯ ಪ್ರಯೋಗದ ಪೆಟ್ಟಿಗೆ, ಇವುಗಳನ್ನು ಪಂಚಾಯಿತಿಗಳೂ ಇಲಾಖೆಗಳೂ ಪ್ರತಿ ವರ್ಷ ಕೊಳ್ಳುತ್ತವೆ. ಟೆಂಡರಿನಲ್ಲಿ ‘ಐದು ವರ್ಷದ ದುರಸ್ತಿ, ಕೆಟ್ಟ 48 ಗಂಟೆಯೊಳಗೆ, ಜಿಲ್ಲೆಯೊಳಗಿನ ಕಾರ್ಯಾಗಾರದಿಂದ’ ಎಂಬ ಒಂದು ಷರತ್ತನ್ನು ಸೇರಿಸಿದರೆ ಸಾಕು. ಯಾರಿಗೂ ಸಹಾಯಧನ ಬೇಕಿಲ್ಲ, ನಮ್ಮ ಹುಡುಗ ಹುಡುಗಿಯರಿಗೆ ಇಲ್ಲೇ ಸ್ಥಿರವಾದ ಕೆಲಸ ಹುಟ್ಟುತ್ತದೆ, ಹೊರಗಿನ ಕಂಪನಿಯೂ ಅವರನ್ನೇ ಹುಡುಕಿಕೊಂಡು ಬರಬೇಕಾಗುತ್ತದೆ. ಹಳ್ಳಿಗೆ ಬಂದ ಫೈಬರ್ ಕೇಬಲ್ಲಿನ ವಿಷಯದಲ್ಲೂ ಕೊರತೆಯಾದದ್ದು ಇದೇ. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಕೇಬಲ್ ಎಳೆಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತ್ತು, ನಮ್ಮ ಪಂಚಾಯಿತಿಗೂ ಕೇಬಲ್ ಬಂತು, ನೀರಿನ ಪೈಪಿಗೆ ಅಗೆದಾಗ ತುಂಡಾಯಿತು. ಜೋಡಿಸಲು ಬರುವವನು ದೂರದವನು, ಬಂದದ್ದು ತಿಂಗಳ ಮೇಲೆ. ಫೈಬರ್ ಜೋಡಿಸುವ ಯಂತ್ರವೊಂದು, ಅದನ್ನು ಬಲ್ಲ ಇಬ್ಬರು ಹೋಬಳಿಗೊಂದರಂತೆ ಇದ್ದಿದ್ದರೆ ಸಂಜೆಯೊಳಗೆ ಮುಗಿಯುತ್ತಿದ್ದ ಕೆಲಸ.

ವೈಂಡಿಂಗ್ ಅಂಗಡಿಯ ಹುಡುಗ ಈಗ ವಾರಕ್ಕೆರಡು ಸಂಜೆ ನಮ್ಮ ಪ್ರಯೋಗಾಲಯಕ್ಕೆ ಬರುತ್ತಾನೆ. ಅವನು ಬೆಸುಗೆ ಹಾಕುವುದನ್ನು ನನ್ನ ವಿದ್ಯಾರ್ಥಿಗಳು ನೋಡಿ ಕಲಿಯುತ್ತಾರೆ, ಅವರಿಂದ ಅವನು ಸರ್ಕ್ಯೂಟ್ ಬೋರ್ಡಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯಲು ಕಲಿಯುತ್ತಿದ್ದಾನೆ. ಅವನ ನೋಟ್‌ಬುಕ್ಕಿನ ಪುಟಗಳನ್ನು ಆರನೆಯ ಸೆಮಿಸ್ಟರಿನ ಇಬ್ಬರು ಹುಡುಗಿಯರು ಊರು, ತಿಂಗಳು, ಕೆಟ್ಟ ಭಾಗ ಎಂದು ಕೋಷ್ಟಕಕ್ಕೆ ಇಳಿಸಿದ್ದಾರೆ. ಅದನ್ನಿಟ್ಟುಕೊಂಡು ಸಿಡಿಲು ತಡೆಯುವ ಸ್ಟಾರ್ಟರ್ ಬೋರ್ಡಿನ ಮೊದಲ ಮಾದರಿ ತಯಾರಾಗಿದೆ. ಬೆಂಗಳೂರಿನಲ್ಲಿ ಎಂಟು ವರ್ಷ ಕೆಲಸ ಮಾಡಿ ತಾಯಿಯ ಅನಾರೋಗ್ಯದಿಂದ ಊರಿಗೆ ಮರಳಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದರ ತಯಾರಿಕೆಗೆ ಕೈ ಹಾಕುವೆನೆಂದಿದ್ದಾನೆ. ತೇವಾಂಶದ ಮೀಟರುಗಳಲ್ಲಿ ಆರು ಸಿದ್ಧವಾಗಿವೆ, ಅವುಗಳ ಹೊರಕವಚವನ್ನು ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದೇವೆ. ಅಕ್ಟೋಬರ್‌ನಲ್ಲಿ ತೆನೆ ಮುರಿಯುವ ಹೊತ್ತಿಗೆ ಅವು ನಮ್ಮ ಭಾಗದ ಆರು ಹಳ್ಳಿಗಳ ಸಹಕಾರಿ ಸಂಘಗಳ ಕಟ್ಟೆಯ ಮೇಲಿರುತ್ತವೆ. ಪ್ರತಿಯೊಂದರ ಪಕ್ಕದಲ್ಲಿ ಒಂದು ನೋಟ್‌ಬುಕ್ಕನ್ನೂ ಪೆನ್ನನ್ನೂ ದಾರದಿಂದ ಕಟ್ಟಿ ಇಡಬೇಕೆಂದು ಆ ಹುಡುಗ ಹೇಳಿದ್ದಾನೆ.